ತೋಟದ ಕೆರೆಯ ಮೀನು ಚಳಿ ತಡೆಯುವುದು ಹೇಗೆ? ತಳಿ ಆಯ್ಕೆಯಿಂದ ಮರಿ ಮಾಡುವವರೆಗೆ

ಡಿಸೆಂಬರ್–ಜನವರಿಯಲ್ಲಿ ಕೊಡಗಿನ ತೋಟದ ಕೆರೆಯಲ್ಲಿ ಮೀನು ಸತ್ತು ತೇಲಿದರೆ ‘ಚಳಿಗೆ ಹೋಯಿತು’ ಎಂದು ಷರಾ ಬರೆದು ಸುಮ್ಮನಾಗುವುದೇ ಹೆಚ್ಚು. ಆದರೆ ಒಂದೇ ಕೇಂದ್ರದಿಂದ ತಂದ ಮರಿಗಳು ಒಂದು ಕೆರೆಯಲ್ಲಿ ಚಳಿಗಾಲವನ್ನು ಸಲೀಸಾಗಿ ದಾಟುತ್ತವೆ, ಪಕ್ಕದ ತೋಟದ ಕೆರೆಯಲ್ಲಿ ಸೊರಗಿ ಹುಣ್ಣೆದ್ದು ಸಾಯುತ್ತವೆ. ಚಳಿ ತಡೆಯುವ ಶಕ್ತಿ ವಂಶವಾಹಿಯಲ್ಲಿ ಇರುವುದು ನಿಜ. ಆದರೆ ಆ ವಂಶವಾಹಿ ಕೆಲಸ ಶುರುಮಾಡಲು ದಿನಗಳು ಬೇಕು. ಆ ಸಮಯವನ್ನು ಮೀನಿಗೆ ಒದಗಿಸಿಕೊಡುವುದೇ ಸಾಕುವವರ ಕೆಲಸ. ಮುಂದೆ ಹೇಳುವ ಕ್ರಮಗಳೆಲ್ಲ ಇದೇ ಲೆಕ್ಕದ ಮೇಲೆ ನಿಂತಿವೆ.

ಮೈಯೊಳಗೆ ನಡೆಯುವುದು

ಮೀನಿಗೆ ನಮ್ಮಂತೆ ಮೈಬಿಸಿ ಕಾಯ್ದುಕೊಳ್ಳಲು ಬರುವುದಿಲ್ಲ. ನೀರು ಎಷ್ಟು ತಣ್ಣಗೋ ಮೈಯೂ ಅಷ್ಟೇ ತಣ್ಣಗೆ. ಪ್ರತಿ ಜೀವಕೋಶದ ಸುತ್ತಲಿನ ಪೊರೆ ಕೊಬ್ಬಿನದು. ಮಡಿಕೇರಿಯ ಚಳಿಯಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಪಕ್ಕದ ಎಳ್ಳೆಣ್ಣೆ ಹರಿಯುತ್ತಲೇ ಇರುತ್ತದೆ. ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು ಹೆಚ್ಚಿದ್ದರೆ ಬೇಗ ಬಿಗಿಯುತ್ತದೆ, ಅಪರ್ಯಾಪ್ತ ಹೆಚ್ಚಿದ್ದರೆ ಇಲ್ಲ. ಮೀನಿನ ಪೊರೆಯೂ ಹೀಗೆಯೇ. ಪೊರೆ ಬಿಗಿದರೆ ಮೊದಲು ಕೈಕೊಡುವುದು ನರ. ಮೀನು ಸಮತೋಲ ತಪ್ಪಿ ಪಕ್ಕಕ್ಕೆ ವಾಲುವುದು ಅದಕ್ಕೇ.

ಪೊರೆಯನ್ನು ಸಡಿಲವಾಗಿಡಲು ಡಿಸ್ಯಾಚುರೇಸ್ ಎಂಬ ಕಿಣ್ವವಿದೆ. ಅದು ಪರ್ಯಾಪ್ತ ಕೊಬ್ಬಿನ ಸರಪಳಿಯಲ್ಲಿ ಒಂದು ಜೋಡಿಬಂಧ ಮೂಡಿಸಿ ಅದನ್ನು ಅಪರ್ಯಾಪ್ತವಾಗಿಸುತ್ತದೆ. ಸಾಮಾನ್ಯ ಗೆಂಡೆಯ (ಕಾಮನ್ ಕಾರ್ಪ್) ಯಕೃತ್ತಿನಲ್ಲಿ ಇದು ನಡೆಯುವ ಬಗೆಯನ್ನು ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಕಾಸಿನ್ಸ್ ಅವರ ತಂಡ 1996ರಲ್ಲಿ ತೋರಿಸಿತು. ತಂಪು ತಗುಲಿದಾಗ ಮೊದಲು, ಸುಮ್ಮನೆ ಕೂತಿದ್ದ ಹಳೆಯ ಕಿಣ್ವವೇ ಎಚ್ಚರಗೊಳ್ಳುತ್ತದೆ. ಹೊಸ ಕಿಣ್ವಕ್ಕೆ ಬೇಕಾದ ವಂಶವಾಹಿ ಸಂದೇಶ ಹತ್ತು ಪಟ್ಟು ಏರುವುದು 48ರಿಂದ 60 ಗಂಟೆ ಕಳೆದ ಮೇಲೆ. ಎರಡರಿಂದ ಎರಡೂವರೆ ದಿನದ ಈ ಅವಧಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. 2004ರಲ್ಲಿ ಗೆಂಡೆಯ ಏಳು ಅಂಗಾಂಶಗಳನ್ನು ಪರೀಕ್ಷಿಸಿದಾಗ ಚಳಿಗೆ ಏರಿಳಿಯುವ ಸುಮಾರು 3,400 ವಂಶವಾಹಿ ತುಣುಕುಗಳು ಸಿಕ್ಕವು. ಎಲ್ಲ ಅಂಗಾಂಶಗಳಲ್ಲೂ ಒಂದೇ ರೀತಿ ಬದಲಾದವು ಸುಮಾರು 250 ಮಾತ್ರ. ಸ್ನಾಯು ಬೇರೆ ಬಗೆಯ ಮಯೋಸಿನ್ ಎಂಬ ಪ್ರೋಟೀನ್ ಕಟ್ಟಿಕೊಳ್ಳಲು ವಾರಗಳೇ ಹಿಡಿಯುತ್ತವೆ. ಹಾಗಾಗಿ ‘ಚಳಿಯ ವಂಶವಾಹಿ’ ಎಂಬ ಒಂದೇ ಒಂದನ್ನು ಹುಡುಕಿ ಪ್ರಯೋಜನವಿಲ್ಲ.

ಯಾವ ಮೀನು ಬಿಡಬೇಕು

ಕಾಟ್ಲಾ, ರೋಹು, ಮೃಗಾಲ್‌ಗೆ ಇರುವುದು 50 ವರ್ಣತಂತು (ವಂಶವಾಹಿಗಳನ್ನು ಹೊತ್ತ ಎಳೆ), ಸಾಮಾನ್ಯ ಗೆಂಡೆಗೆ 100. ಗೆಂಡೆಯ ಪೂರ್ವಜರಲ್ಲಿ ಇಡೀ ಡಿಎನ್‌ಎ ಇಮ್ಮಡಿಯಾಗಿದ್ದರ ಗುರುತು ಇದು. ಹೀಗೆ ಸಿಕ್ಕ ಹೆಚ್ಚುವರಿ ಪ್ರತಿಗಳು ಬೇರೆ ಬೇರೆ ಕೆಲಸ ಹಂಚಿಕೊಳ್ಳಬಲ್ಲವು. ಗೆಂಡೆಯ ಯಕೃತ್ತಿನ ಎರಡು ಡಿಸ್ಯಾಚುರೇಸ್ ವಂಶವಾಹಿಗಳಲ್ಲಿ ಒಂದು ಚಳಿಗೆ ಸ್ಪಂದಿಸುತ್ತದೆ, ಇನ್ನೊಂದು ಮೇವಿನ ಕೊಬ್ಬಿಗೆ. ಆದರೆ ಇಮ್ಮಡಿಯಾದರೆ ಮಾತ್ರ ಚಳಿ ತಡೆಯಲಾಗುವುದು ಎಂದೇನಿಲ್ಲ. ಹುಲ್ಲುಗೆಂಡೆ (ಗ್ರಾಸ್ ಕಾರ್ಪ್), ಬೆಳ್ಳಿಗೆಂಡೆಗೆ (ಸಿಲ್ವರ್ ಕಾರ್ಪ್) 48 ವರ್ಣತಂತುಗಳೇ ಇದ್ದರೂ ಅವು ಚೀನಾದ, ಅಮೂರ್ ನದಿ ಸೀಮೆಯ ಮೀನುಗಳು. ಹಿಮಗಟ್ಟುವ ಚಳಿಯಲ್ಲೇ ತಲೆಮಾರುಗಳಿಂದ ಬಾಳಿ ಬಂದವು.

ಮಡಿಕೇರಿ, ಸೋಮವಾರಪೇಟೆಯ ಎತ್ತರದ ತೋಟಗಳಿಗೆ ನೂರು ಮರಿಯಲ್ಲಿ 40 ಸಾಮಾನ್ಯ ಗೆಂಡೆ, 25 ಹುಲ್ಲುಗೆಂಡೆ, 20 ಬೆಳ್ಳಿಗೆಂಡೆ, 15 ರೋಹು ಸಾಕು. ಕುಶಾಲನಗರ, ಗೋಣಿಕೊಪ್ಪದ ಕಡೆ ಕಾಟ್ಲಾ, ರೋಹುವನ್ನು ಅರ್ಧದವರೆಗೂ ಏರಿಸಬಹುದು. ಎಕರೆ ನೀರಿಗೆ 1,600ರಿಂದ 2,000 ಬೆರಳುದ್ದದ ಮರಿ. ಪಂಗಾಸಿಯಸ್ ಆಗ್ನೇಯ ಏಷ್ಯಾದ ಮೆಕಾಂಗ್ ನದಿ ಬಯಲಿನ ಬಿಸಿಸೀಮೆಯ ಮೀನು, ಎತ್ತರದ ತೋಟಕ್ಕೆ ಬೇಡವೇ ಬೇಡ. ನೈಲ್ ತಿಲಾಪಿಯಾ 16 ಡಿಗ್ರಿ ಹತ್ತಿರ ಮೇವು ಬಿಡುತ್ತದೆ, 11ರ ಆಸುಪಾಸಿನಲ್ಲಿ ಪ್ರಾಣಕ್ಕೇ ಬರುತ್ತದೆ. ಅದನ್ನು ಸಾಕಲು ಅನುಮತಿಯೂ ಬೇಕು.

ಮರಿ ತರುವಾಗ ಜಾತಿ ಕೇಳಿದರೆ ಸಾಲದು, ತಾಯಿಮೀನು ಎಲ್ಲಿಯದು ಎಂದೂ ಕೇಳಿ.

ಮರಿ ಬಿಡುವ ಕಾಲ

ಜೂನ್–ಜುಲೈಯಲ್ಲಿ ಬಿಟ್ಟರೆ ಮಳೆಗೆ ಕೋಡಿ ಹರಿದು ಅರ್ಧ ಮರಿ ತೋಡಿನ ಪಾಲು. ನವೆಂಬರ್ ಕೊನೆಗೆ ಬಿಟ್ಟರೆ ಬಯಲುಸೀಮೆಯ ಬೆಚ್ಚನೆ ತೊಟ್ಟಿಯಿಂದ ನೇರ ತಣ್ಣೀರಿಗೆ. ಕೈಲ್ ಮುಹೂರ್ತ (ಸೆಪ್ಟೆಂಬರ್ ಮೊದಲ ವಾರ) ಕಳೆದು ತುಲಾ ಸಂಕ್ರಮಣದೊಳಗೆ (ಅಕ್ಟೋಬರ್ ಮಧ್ಯ) ಬಿಡುವುದು ಸರಿ. ಅಲ್ಲಿಂದ ಹುತ್ತರಿ ಹಬ್ಬದವರೆಗೆ (ನವೆಂಬರ್ ಕೊನೆ–ಡಿಸೆಂಬರ್) ನೀರು ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಮೀನಿನ ಮೈಯೂ ಅದರ ಜೊತೆಗೇ ಹೊಂದಿಕೊಳ್ಳುತ್ತದೆ.

ಚೀಲವನ್ನು ನೆರಳಿನ ಕಡೆ ಕೆರೆಯಲ್ಲಿ ಅರ್ಧ ಗಂಟೆ ತೇಲಿಸಿ. ಎರಡೂ ನೀರಿನ ತಾಪ ಅಳೆಯಿರಿ. 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಚೀಲ ಬಿಚ್ಚಿ ಐದು ನಿಮಿಷಕ್ಕೊಂದು ಲೋಟ ಕೆರೆಯ ನೀರು ಸೇರಿಸುತ್ತಾ ಹೋಗಿ. 5 ಡಿಗ್ರಿ ಅಂತರಕ್ಕೆ ಒಂದು ಗಂಟೆಯಾದರೂ ಬೇಕು. ಇದರಿಂದ ಆ ಕ್ಷಣದ ಆಘಾತ ತಪ್ಪುತ್ತದೆ, ಅಷ್ಟೇ. ಪೊರೆಯ ಕೊಬ್ಬು ಬದಲಾಗಲು ಆ 60 ಗಂಟೆ ಬೇಕೇ ಬೇಕು. ಬಿಟ್ಟ ಮೂರು ದಿನ ಬಲೆ ಹಾಕಬೇಡಿ, ಮೇವನ್ನೂ ಸುರಿಯಬೇಡಿ.

ನೀರನ್ನು ಅಳೆಯುವುದು, ಉಳಿಸುವುದು

ಮೇಲಿನ ನೀರಿಗೆ ಬೆರಳದ್ದಿ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದು ಬಾಟಲಿಗೆ ಕಲ್ಲು ಕಟ್ಟಿ, ಬಾಯಿಗೆ ಬಿರಡೆ ಹಾಕಿ, ಬಾಟಲಿಗೊಂದು ಬಿರಡೆಗೊಂದು ಹಗ್ಗ ಬಿಗಿಯಿರಿ. ತಳಕ್ಕೆ ಇಳಿಸಿ ಬಿರಡೆ ಎಳೆಯಿರಿ. ಗುಳ್ಳೆ ನಿಂತ ಮೇಲೆ ಮೇಲೆತ್ತಿ ಅರ್ಧ ನಿಮಿಷದೊಳಗೆ ಥರ್ಮಾಮೀಟರ್ ಓದಿ. ಬೆಳಿಗ್ಗೆ ಆರೂವರೆಗೆ, ಮಧ್ಯಾಹ್ನ ಮೂರಕ್ಕೆ, ಒಂದಡಿ ಆಳದಲ್ಲಿ ಮತ್ತು ತಳದಲ್ಲಿ ಅಳೆದು ಬರೆದಿಡಿ. ಬೆಳಗಿನ ಓದು ಹಿಂದಿನ ದಿನಕ್ಕಿಂತ 2 ಡಿಗ್ರಿ ಇಳಿದಿದ್ದರೆ ಮೂರು ದಿನ ಮೇವು ನಿಲ್ಲಿಸಿ, ಮೀನನ್ನು ಮುಟ್ಟಬೇಡಿ.

ಆಳದ ಲೆಕ್ಕ ಸರಳ. ಒಂದು ರಾತ್ರಿ ಕೆರೆಯ ಮೈಯಿಂದ ಹೋಗುವ ಶಾಖ ಅಷ್ಟೇ ಇದ್ದರೂ 6 ಅಡಿ ನೀರು 1 ಡಿಗ್ರಿ ಇಳಿಯುವಲ್ಲಿ 3 ಅಡಿ ನೀರು 2 ಡಿಗ್ರಿ ಇಳಿಯುತ್ತದೆ. ಕಾಫಿ ತೋಟದ ಕೆರೆಗೆ ಇದೇ ದೊಡ್ಡ ಅಪಾಯ. ಹೂಮಳೆ ಬಾರದೆ ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಹಚ್ಚಿದರೆ ಕೆರೆ ನಾಲ್ಕೇ ದಿನದಲ್ಲಿ ಮೊಣಕಾಲುದ್ದಕ್ಕೆ ಬರುತ್ತದೆ, ರಾತ್ರಿಯ ಚಳಿ ಮಾತ್ರ ಇನ್ನೂ ಬಿಟ್ಟಿರುವುದಿಲ್ಲ. ಪಂಪಿನ ಫುಟ್‌ವಾಲ್ವ್ ಅನ್ನು ತಳದಿಂದ 5 ಅಡಿ ಮೇಲಕ್ಕೆ ಕಟ್ಟಿಬಿಡಿ, ಅದಕ್ಕಿಂತ ಕೆಳಗೆ ನೀರೆತ್ತಲು ಆಗಲೇಬಾರದು. ಅಷ್ಟು ಆಳವೇ ಇಲ್ಲದ ಕೆರೆಯಾದರೆ ಮೀನನ್ನು ಜನವರಿಯೊಳಗೆ ಹಿಡಿದು ಮಾರುವುದೇ ಮೇಲು. ಕೊಳವೆಬಾವಿ ಇದ್ದರೆ ಚಳಿಯ ಮುಂಜಾನೆ ಅದರ ನೀರು ಕೆರೆಗಿಂತ ಬೆಚ್ಚಗಿರುತ್ತದೆ. ಆದರೆ ಅದರಲ್ಲಿ ಆಮ್ಲಜನಕ ಕಡಿಮೆ, ಎತ್ತರದಿಂದ ಚಿಮ್ಮಿಸಿ ಬೀಳಿಸಿ.

ಮೇವು

ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ ಕಲಸುವುದು ರೂಢಿ. ನೀರು 22 ಡಿಗ್ರಿ ಮೇಲಿದ್ದರೆ ಮೀನಿನ ತೂಕದ ಶೇ 2ರಿಂದ 3, 18ರಿಂದ 22ರಲ್ಲಿ ಶೇ 1, 15ರಿಂದ 18ರಲ್ಲಿ ದಿನ ಬಿಟ್ಟು ದಿನ ಮಧ್ಯಾಹ್ನ ಶೇ ಅರ್ಧ, ಅದಕ್ಕೂ ಕೆಳಗೆ ಇಲ್ಲ. ಜೀರ್ಣವಾಗದ ಮೇವು ತಳದಲ್ಲಿ ಕೊಳೆತು ಆಮ್ಲಜನಕ ತಿನ್ನುತ್ತದೆ.

ಡಿಸ್ಯಾಚುರೇಸ್ ಎಷ್ಟೇ ದುಡಿದರೂ ಲಿನೋಲಿಕ್, ಲಿನೋಲೆನಿಕ್ ಕೊಬ್ಬಿನಾಮ್ಲಗಳನ್ನು ಮೀನು ತಾನೇ ತಯಾರಿಸಿಕೊಳ್ಳಲಾರದು, ಮೇವಿನಿಂದಲೇ ಬರಬೇಕು. ಗೆಂಡೆಗೆ ಮೇವಿನಲ್ಲಿ ಎರಡೂ ಸುಮಾರು ಶೇ 1ರಷ್ಟು ಬೇಕು. ಲಿನೋಲಿಕ್ ತೌಡಿನಲ್ಲೇ ಸಿಗುತ್ತದೆ, ಲಿನೋಲೆನಿಕ್ ಸಾಲದು. ಅಕ್ಟೋಬರ್, ನವೆಂಬರ್ ಎರಡು ತಿಂಗಳು 100 ಕೆ.ಜಿ. ಮೇವಿಗೆ 4 ಕೆ.ಜಿ. ಅಗಸೆ ಪುಡಿ ಸೇರಿಸಿ. ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ, ಕಮಟು ವಾಸನೆ ಬಂದ ಪುಡಿ ಹಾಕಬೇಡಿ. ಕೊಬ್ಬರಿ ಹಿಂಡಿಯ ಕೊಬ್ಬು ಬಹುಪಾಲು ಪರ್ಯಾಪ್ತ, ಅದನ್ನು ಬೇಸಿಗೆಗೆ ಇಟ್ಟುಕೊಳ್ಳಿ.

ಸತ್ತ ಮೀನು ಹೇಳುವುದೇನು

ಚಳಿಯ ಸಾವಿನಲ್ಲಿ ಬಯಲುಸೀಮೆಯ ಜಾತಿಗಳು (ಕಾಟ್ಲಾ, ರೋಹು) ಮೊದಲು ಹೋಗುತ್ತವೆ, ಗೆಂಡೆ ಉಳಿಯುತ್ತದೆ. ಮೀನು ಮಂಕಾಗಿ ವಾಲುತ್ತದೆ, ಹುರುಪೆ ಕಿತ್ತ ಜಾಗದಲ್ಲಿ ನಾಲ್ಕೈದು ದಿನಕ್ಕೆ ಹತ್ತಿಯಂಥ ಬೂಷ್ಟು ಕಾಣುತ್ತದೆ. ಗೆಂಡೆ, ರೋಹು, ಕೆರೆಯಲ್ಲಿ ತಾವಾಗಿ ಬೆಳೆದ ಸಣ್ಣ ಮೀನು ಎಲ್ಲವೂ ಒಂದೇ ಬೆಳಿಗ್ಗೆ ಬಾಯಿ ತೆರೆದು ಸತ್ತಿದ್ದರೆ, ನೀರು ಕಂದಾಗಿ ಹುಳಿ ನಾರುತ್ತಿದ್ದರೆ ಅದು ಚಳಿಯಲ್ಲ. ಅರೇಬಿಕಾ ಕಾಫಿ ಕೊಯ್ಲಿನ ಹೊತ್ತಿಗೆ ಮೇಲಿನಿಂದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರು ಇಳಿದಿದೆಯೇ ನೋಡಿ. ಅದರ ರಸಸಾರ (ಪಿಎಚ್) 4ರ ಆಸುಪಾಸು, ಅದು ಕೊಳೆಯುವಾಗ ಕೆರೆಯ ಆಮ್ಲಜನಕ ಬರಿದಾಗುತ್ತದೆ. ಇದಕ್ಕೆ ಯಾವ ತಳಿಯೂ ಉತ್ತರವಲ್ಲ, ತೋಡು ತಿರುಗಿಸಬೇಕು.

ಕೆಂಪು ಚುಕ್ಕೆ ಹುಣ್ಣಾಗಿ ಗುಂಡಿ ಬಿದ್ದರೆ ಅದು ಅಫನೋಮೈಸಿಸ್ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿಯ ಹುಣ್ಣು ರೋಗ. ತಂಪಿಗೆ ಮೀನಿನ ರೋಗನಿರೋಧಕ ಶಕ್ತಿ ನಿಧಾನವಾಗುತ್ತದೆ, ನಮ್ಮ ಹುಳಿಮಣ್ಣು ಅದಕ್ಕೆ ಇಂಬು ಕೊಡುತ್ತದೆ. ನವೆಂಬರ್‌ನಲ್ಲೇ ಎಕರೆಗೆ 80 ಕೆ.ಜಿ. ಸುಣ್ಣವನ್ನು ಎರಡು ಕಂತಿನಲ್ಲಿ ಕದಡಿ ಎರಚಿ. ರೋಗ ಬಂದ ಮೇಲೆ ಸಿಫ್ಯಾಕ್ಸ್ ಎಂಬ ಔಷಧಿ, ಒಂದು ಮೀಟರ್ ಆಳದ ಹೆಕ್ಟೇರಿಗೆ 1 ಲೀಟರ್.

ನಿಮ್ಮದೇ ಗೆಂಡೆ ಆರಿಸುವುದಾದರೆ

ಸಾಮಾನ್ಯ ಗೆಂಡೆ ಕೆರೆಯಲ್ಲೇ ಮೊಟ್ಟೆಯಿಡುವುದರಿಂದ ಚಳಿ ದಾಟಿದ ಮೀನುಗಳನ್ನೇ ತಾಯಿಮೀನು ಮಾಡುವ ಆಸೆ ಸಹಜ. ಆದರೆ ಬದುಕಿದ ಮೀನಿನ ವಂಶವಾಹಿ ಒಳ್ಳೆಯದು ಎಂದು ಅಷ್ಟರಿಂದಲೇ ಹೇಳಲಾಗದು. ಅದು ಆಳದಲ್ಲಿ ಇದ್ದಿರಬಹುದು, ದಪ್ಪವಾಗಿದ್ದಿರಬಹುದು. ಹೋಲಿಸಬೇಕಾದರೆ ಒಂದೇ ಗಾತ್ರದ, ಬೇರೆ ಬೇರೆ ತಾಯಿಯ ಮರಿಗಳನ್ನು ಕುಟುಂಬಕ್ಕೆ 15ರಂತೆ ಎರಡು ವಾರ ಒಂದೇ ತೊಟ್ಟಿಯಲ್ಲಿ ಇಡಿ. ಒಟ್ಟಿಗೆ ಬಿಡುವ ಮೊದಲೇ ಒಂದು ಕುಟುಂಬಕ್ಕೆ ಎಡ ಹೊಟ್ಟೆರೆಕ್ಕೆಯ ತುದಿ, ಇನ್ನೊಂದಕ್ಕೆ ಬಲದ್ದು ಕತ್ತರಿಸಿ ಗುರುತು ಮಾಡಿ. ನಂತರ 100 ಲೀಟರ್ ನೀರಿಗೆ ಗಾಳಿಯಂತ್ರ ಹಾಕಿ, ಮುಚ್ಚಿದ ಚೀಲದಲ್ಲಿ ಐಸ್ ಇಳಿಸಿ, ಗಂಟೆಗೆ 1 ಡಿಗ್ರಿಯಂತೆ ತಣಿಸಿ. 1 ಡಿಗ್ರಿಗೆ ಹೆಚ್ಚುಕಡಿಮೆ 1 ಕೆ.ಜಿ. ಐಸ್ ಹಿಡಿಯುತ್ತದೆ. ಮೀನು ಸಮತೋಲ ತಪ್ಪಿದ ಡಿಗ್ರಿ ಬರೆದುಕೊಂಡು ಕೂಡಲೇ ಬೇರೆ ತೊಟ್ಟಿಗೆ ಎತ್ತಿ, ನಿಧಾನ ಬೆಚ್ಚಗಾಗಲು ಬಿಡಿ. ತೀರ್ಪು ಕುಟುಂಬದ ಸರಾಸರಿಯ ಮೇಲಿರಲಿ, ಒಂದು ಮೀನಿನ ಮೇಲಲ್ಲ.

ಹೆಚ್ಚು ಜನ ಎಡವುವುದು ಸಂಖ್ಯೆಯಲ್ಲಿ. ಎರಡು ಹೆಣ್ಣು, ನಾಲ್ಕು ಗಂಡಿನಿಂದ ಮರಿ ಮಾಡಿದರೆ ಒಂದೇ ತಲೆಮಾರಿಗೆ ಒಳಸಂತತಿ (ರಕ್ತಸಂಬಂಧಿಗಳ ಕೂಡುವಿಕೆ) ಶೇ 9 ದಾಟುತ್ತದೆ. ಗೂನು ಬೆನ್ನು, ಕುಂಠಿತ ಬೆಳವಣಿಗೆ ಅಲ್ಲಿಂದ ಶುರು. 25 ಹೆಣ್ಣು, 25 ಗಂಡು ಇದ್ದರೆ ಅದು ಶೇ 1ರಲ್ಲಿ ನಿಲ್ಲುತ್ತದೆ. ಅಷ್ಟು ಮೀನು ಒಬ್ಬರಿಂದ ಆಗದು. ನಾಲ್ಕೈದು ತೋಟದವರು ಸೇರಿ ಹಂಚಿಕೊಂಡು ಸಾಕಿ, ಮೊಟ್ಟೆಯ ಹೊತ್ತಿಗೆ ಗಂಡುಗಳನ್ನು ಅದಲುಬದಲು ಮಾಡಿ.

ನೀರು 20 ಡಿಗ್ರಿ ದಾಟಿದ ಮೇಲೆ ಹಾಪಾ ಬಲೆಯಲ್ಲಿ (ನೀರಿನಲ್ಲಿ ಕಟ್ಟುವ ಸಣ್ಣಕಣ್ಣಿನ ಬಲೆತೊಟ್ಟಿ) ಒಂದು ಹೆಣ್ಣಿಗೆ ಎರಡು ಗಂಡು ಬಿಟ್ಟು ಹೈಡ್ರಿಲ್ಲಾ ಗಿಡದ ಕಂತೆ ಹರಡಿ. ಅಂಟುಮೊಟ್ಟೆ ಕಂತೆಗೆ ಹಿಡಿದ ಕೂಡಲೇ ತಾಯಿತಂದೆಯನ್ನು ತೆಗೆಯಿರಿ, ಇಲ್ಲವಾದರೆ ಮೊಟ್ಟೆಯನ್ನು ಅವೇ ತಿನ್ನುತ್ತವೆ. ಬೆಚ್ಚನೆ ನೀರಿನಲ್ಲಿ ಎರಡು ಮೂರು ದಿನಕ್ಕೆ ಒಡೆಯುವ ಮೊಟ್ಟೆಗೆ ಇಲ್ಲಿ ಇನ್ನೂ ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ. ಅಷ್ಟರೊಳಗೆ ಬೂಷ್ಟು ಹಿಡಿದ ಬಿಳಿ ಮೊಟ್ಟೆಗಳನ್ನು ದಿನಕ್ಕೆರಡು ಬಾರಿ ಆರಿಸಿ ಹೊರಹಾಕಿ.