ಫೆಬ್ರವರಿ ಮಧ್ಯಾಹ್ನ, ಮೇ ರಾತ್ರಿ, ಒಂದೇ ಟಿ.ಸಿ.

ಕಲಬುರಗಿಯಲ್ಲಿ ನಾನು ವಿದ್ಯುತ್ ಕಂಪನಿಯ ಒಂದು ಸೆಕ್ಷನ್ ನೋಡಿಕೊಳ್ಳುವ ಜೆ.ಇ. (ಜೂನಿಯರ್ ಎಂಜಿನಿಯರ್). ನಮ್ಮಲ್ಲಿ ವೋಲ್ಟೇಜ್ ದೂರು ಅಂದ್ರೆ ಏಪ್ರಿಲ್, ಮೇ ತಿಂಗಳದ್ದು. ಬಿಸಿಲು 42 ಡಿಗ್ರಿ ದಾಟುತ್ತದೆ, ಮನೆಮನೆಯಲ್ಲೂ ಕೂಲರ್ ಓಡುತ್ತದೆ, ರಾತ್ರಿ ಲೈನಿನ ಕೊನೆಯ ಮನೆಗಳಲ್ಲಿ ಫ್ಯಾನ್ ಕೂಡ ನಿಧಾನ. ಅದಕ್ಕೆ ನಮ್ಮ ಹಳೇ ಮದ್ದು ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್‌ನ) ಟ್ಯಾಪ್, ಅಂದ್ರೆ ಹೊರಬರುವ ವೋಲ್ಟೇಜ್ ಹೊಂದಿಸುವ ಮೆಟ್ಟಿಲು, ಏರಿಸುವುದು. ಸೇಡಂ ರಸ್ತೆ ಕಡೆಯ ಒಂದು ಬಡಾವಣೆಯ 250 ಕೆವಿಎ ಟಿ.ಸಿ.ಗೆ ನಾನೇ ನಿಂತು ಹಾಗೆ ಮಾಡಿಸಿದ್ದೆ. ದೂರು ನಿಂತಿತ್ತು.

ಅದೇ ಬಡಾವಣೆಯಿಂದ ಕಳೆದ ಫೆಬ್ರವರಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಬಂದರು. "ಸಾಹೇಬ್ರ, ಮುಂಜಾನಿ ಎಲ್ಲಾ ಛಲೋ ನಡೀತದ. ಹನ್ನೊಂದು ಹೊಡೀತಂದ್ರ ಸೋಲಾರ್ ಇನ್ವರ್ಟರ್ ಬಂದ್ ಆಗ್ತದ. ಮೂರರ ತನಕ ಇದೇ ಆಟ" ಅಂದರು. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಚಾವಣಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದರು. 78,000 ರೂಪಾಯಿ ಸಬ್ಸಿಡಿ ಬಂದಿತ್ತು, ಉಳಿದದ್ದು ಪೆನ್ಶನ್ ದುಡ್ಡು. ಪ್ಯಾನೆಲ್ ಹಾಕಿದವರು ಲೈನ್ ಸರಿಯಿಲ್ಲ ಅಂದಿದ್ದರು. ನಮ್ಮವರು ಇನ್ವರ್ಟರ್ ಸರಿಯಿಲ್ಲ ಅಂದು ವಾಪಸ್ ಕಳಿಸಿದ್ದರು. ಹೀಗೇ ಒಂದು ತಿಂಗಳು ಅಲೆದಿದ್ದಾರೆ ಅಂತ ಕೇಳಿ ನನಗೆ ತುಂಬಾ ಬೇಜಾರಾಯ್ತು.

ಮರುದಿನ ಹನ್ನೆರಡೂವರೆಗೆ ಅವರ ಮನೆಗೆ ಹೋಗಿ ಮೀಟರ್ ಹಿಡಿದು ನಿಂತೆ. ಇನ್ವರ್ಟರ್ ಶುರುವಾಯ್ತು. 250, 252, 253, 255. ಟಕ್ ಅಂತ ರಿಲೇ ಬಿತ್ತು. ವೋಲ್ಟೇಜ್ ಇಳಿಯಿತು, ಸ್ವಲ್ಪ ಹೊತ್ತಿಗೆ ಮತ್ತೆ ಶುರು, ಮತ್ತೆ ಟಕ್. ಇನ್ವರ್ಟರ್ ನಿಯಮದ ಪ್ರಕಾರವೇ ಕೆಲಸ ಮಾಡುತ್ತಿತ್ತು. ವೋಲ್ಟೇಜ್ ನಿಗದಿತ ಮಟ್ಟದ 110 ಪರ್ಸೆಂಟ್ ದಾಟಿದರೆ ಅದು 2 ಸೆಕೆಂಡಿನೊಳಗೆ ಲೈನ್ ಬಿಡಬೇಕು. 230ಕ್ಕೆ ಲೆಕ್ಕ ಹಾಕಿದರೆ 253.

ಟಿ.ಸಿ.ಯಿಂದ ಲೋಡ್ ಇಲ್ಲದಾಗ ಹೊರಬರುವುದೇ ಮೂರು ಫೇಸ್ ತಂತಿಗಳಲ್ಲಿ ಯಾವುದೇ ಎರಡರ ನಡುವೆ 433 ವೋಲ್ಟ್, ಅಂದ್ರೆ ಒಂದು ಫೇಸಿಗೆ 250. ಅದರ ಮೇಲೆ ನಾನು ಏರಿಸಿದ್ದ ಟ್ಯಾಪ್. ಅದರ ಮೇಲೆ ಚಾವಣಿಗಳ ಕರೆಂಟ್. ಇನ್ವರ್ಟರ್ ಕರೆಂಟನ್ನು ಹೊರಗೆ ತಳ್ಳಬೇಕಾದರೆ ಲೈನಿಗಿಂತ ಸ್ವಲ್ಪ ಜಾಸ್ತಿ ವೋಲ್ಟೇಜ್ ಕೊಡಲೇಬೇಕಲ್ವಾ? ಫೆಬ್ರವರಿಯಲ್ಲಿ ಬಿಸಿಲು ಸ್ವಚ್ಛ, ಪ್ಯಾನೆಲ್ ಇನ್ನೂ ಅಷ್ಟು ಕಾದಿರಲ್ಲ, ಹಾಗಾಗಿ ಉತ್ಪಾದನೆ ಚೆನ್ನಾಗಿರುತ್ತದೆ. ಆದರೆ ಕೂಲರ್ ಇನ್ನೂ ಅಟ್ಟದ ಮೇಲೆ. ಬಳಸುವವರೇ ಇಲ್ಲ. ಬೇಸಿಗೆಯೇ ಕಷ್ಟದ ಕಾಲ ಅಂತ ನಂಬಿದ್ದ ನನಗೆ ಇದು ಹೊಸ ಪಾಠ.

ಮೂರು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ರೀಡಿಂಗ್ ತೆಗೆದೆವು. ಲೈನ್‌ಮ್ಯಾನ್ ಜೊತೆ ಒಂದೊಂದು ಕಂಬಕ್ಕೂ ಹೋಗಿ ಯಾವ ಮನೆ ಯಾವ ಫೇಸಿನಲ್ಲಿದೆ ಅಂತ ಬರೆದುಕೊಂಡೆ. ಆ ಟಿ.ಸಿ.ಯ ಮೇಲೆ 9 ಸೋಲಾರ್ ಮನೆ, ಅದರಲ್ಲಿ 6 ಮನೆ ಒಂದೇ ಫೇಸಿಗೆ, 'ಆರ್'ಗೆ. ಸರ್ವಿಸ್ ವೈರ್ ಕಟ್ಟುವಾಗ ಯಾರೂ ಇದನ್ನು ಯೋಚಿಸಿರಲಿಲ್ಲ. ನನ್ನ ಸೆಕ್ಷನ್‌ನಲ್ಲಿ ಸೋಲಾರಿಗೆ ಮೊದಲು ಬಂದವರು ಗೃಹಜ್ಯೋತಿಯ 200 ಯೂನಿಟ್ ದಾಟುವ ಮನೆಯವರು. ಅಂಥ ಮನೆಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಹಾಗಾಗಿ ಸೋಲಾರ್ ಊರಿಗೆಲ್ಲ ಸಮವಾಗಿ ಹಂಚಿಕೊಂಡು ಬರಲ್ಲ, ಒಂದೊಂದು ಟಿ.ಸಿ.ಯ ಮೇಲೆ ಗುಂಪಾಗಿ ಬಂದು ಕೂರುತ್ತದೆ.

ಅದರಲ್ಲಿ ಮೂರು ಮನೆಗಳನ್ನು ಉಳಿದ ವೈ ಮತ್ತು ಬಿ ಫೇಸಿಗೆ ಬದಲಿಸಿದೆವು. ಅರ್ಧ ಸಮಸ್ಯೆ ಅಲ್ಲೇ ಹೋಯ್ತು. ಆಮೇಲೆ ಟ್ಯಾಪ್ ಇಳಿಸುವ ಕೆಲಸ. ಒಂದು ಮೆಟ್ಟಿಲು ಅಂದ್ರೆ 2.5 ಪರ್ಸೆಂಟ್, ಸುಮಾರು 6 ವೋಲ್ಟ್. ಎರಡು ಮೆಟ್ಟಿಲು ಇಳಿಸಿದರೆ ಮೇಷ್ಟ್ರ ಇನ್ವರ್ಟರ್ ಆರಾಮಾಗಿ ಓಡುತ್ತದೆ, ಆದರೆ ಮೇ ರಾತ್ರಿ ಕೊನೆಯ ಮನೆಯ ಕೂಲರ್ ಎಳೆಯಲ್ಲ. ಒಂದೇ ಮೆಟ್ಟಿಲು ಅಂತ ತೀರ್ಮಾನಿಸಿದೆ.

ಈ ಟ್ಯಾಪ್ ಬದಲಿಸಬೇಕಾದರೆ ಟಿ.ಸಿ. ಪೂರ್ತಿ ಬಂದ್ ಆಗಬೇಕು. ಎಲ್‌ಸಿ (ಲೈನ್ ಬಂದ್ ಮಾಡುವ ಅನುಮತಿ) ತಗೊಂಡು, ಜಿಓಎಸ್ (ಟಿ.ಸಿ.ಗೆ ಬರುವ ಲೈನಿನ ಸ್ವಿಚ್) ಓಪನ್ ಮಾಡಿ, ಹಿರಿಯ ಲೈನ್‌ಮ್ಯಾನ್ ಎಚ್‌ಟಿ (ಹೈ ಟೆನ್ಶನ್ ಲೈನ್) ಕಡೆ, ತಪ್ಪಿ ಕರೆಂಟ್ ಬಂದರೆ ನೆಲಕ್ಕೆ ಹರಿಸುವ ಅರ್ಥಿಂಗ್ ರಾಡ್ ಹಾಕಿದರು. "ಕಾಕಾ, ಎಲ್‌ಟಿ ಕಡೆನೂ ಹಾಕ್ರಿ" ಅಂದೆ, ಅಂದ್ರೆ ಮನೆಗಳ ಲೈನಿನ ಕಡೆ. "ಮ್ಯಾಲಿಂದ ಬಂದ್ ಆಗ್ಯಾದಲ್ರಿ" ಅಂದರು. ಅವರು ಕೆಲಸ ಕಲಿತ ಕಾಲಕ್ಕೆ ಆ ಮಾತು ಸರಿ. ಈಗ ಮನೆಗಳ ಕಡೆಯಿಂದಲೂ ಕರೆಂಟ್ ಬರಬಹುದು. ಲೈನ್ ಹೋದರೆ ಸೋಲಾರ್ ಇನ್ವರ್ಟರ್ ತಾನಾಗೇ ನಿಲ್ಲಬೇಕು, ನಿಲ್ಲುತ್ತದೆ ಕೂಡ. ಆದರೂ ಒಂದು ಯಂತ್ರದ ಮೇಲೆ ಭಾರ ಹಾಕಿ ನಮ್ಮ ಮನುಷ್ಯನನ್ನು ಕಂಬ ಹತ್ತಿಸಲು ನಾನು ತಯಾರಿಲ್ಲ. ಟೆಸ್ಟ್ ಮಾಡಿ, ಎರಡೂ ಕಡೆ ಅರ್ಥ್ ಮಾಡಿದ ಮೇಲೇ ಅವರು ಹತ್ತಿದ್ದು.

ಕೆಳಗೆ ನಿಂತಿದ್ದ ಮೇಷ್ಟ್ರು ಆಗ ಒಂದು ಪ್ರಶ್ನೆ ಕೇಳಿದರು: "ಲೈನ್ ಹೋದ್ರ ನಮ್ಮ ಸೋಲಾರೂ ಯಾಕ ಹೋಗ್ತದ್ರಿ? ಬಿಸಿಲು ಅದಲ್ಲ?" ನಾನು ಕಂಬದ ಮೇಲಿದ್ದ ಕಾಕಾನ ಕಡೆ ಕೈ ತೋರಿಸಿದೆ. ಅವರು ಸ್ವಲ್ಪ ಹೊತ್ತು ಮೇಲೆ ನೋಡಿದರು. "ಬಂದ್ ಇರಲಿ ಬಿಡ್ರಿ" ಅಂದರು.

ಟ್ಯಾಪ್ ಇಳಿದ ಮೇಲೆ ಮಧ್ಯಾಹ್ನ ಅವರ ಮನೆಯಲ್ಲಿ 247ರ ಆಸುಪಾಸು. ಇನ್ವರ್ಟರ್ ನಿಲ್ಲಲಿಲ್ಲ. ಆದರೆ ಹಗಲು ಏರುವುದಕ್ಕೂ ರಾತ್ರಿ ಬೀಳುವುದಕ್ಕೂ ಮೂಲ ಒಂದೇ: ಕೊನೆಯ ಆರು ಕಂಬಗಳ ತೆಳು ವೀಸೆಲ್ ತಂತಿ. ಅದನ್ನು ರ‍್ಯಾಬಿಟ್‌ಗೆ ಅಂದ್ರೆ ದಪ್ಪ ತಂತಿಗೆ ಬದಲಿಸಲು ಎಸ್ಟಿಮೇಟ್ ಹಾಕಿದೆ. ಹಗಲು ರಾತ್ರಿ ಎರಡರ ರೀಡಿಂಗೂ ಜೊತೆಗಿದ್ದದ್ದರಿಂದ ಮಂಜೂರಾತಿ ಬೇಗ ಸಿಕ್ಕಿತು. ಏಪ್ರಿಲ್ ಕೊನೆಗೆ ತಂತಿ ಎಳೆದು ಮುಗಿಸಿದೆವು.

ಮೇ ಎರಡನೇ ವಾರ ರಾತ್ರಿ ಒಂಬತ್ತೂವರೆಗೆ ಕೊನೆಯ ಮನೆಗೆ ಹೋದೆ. ಕೂಲರ್ ಜೋರಾಗಿ ಓಡುತ್ತಿತ್ತು. ಮೀಟರ್ 219 ತೋರಿಸಿತು. ಆ ಮನೆಯ ಅವ್ವ ಒಂದು ತಂಬಿಗೆ ತಣ್ಣೀರು ಕೊಟ್ಟು, "ಈ ವರ್ಷ ಫೋನ್ ಮಾಡಿಲ್ಲ ನೋಡಪ್ಪ" ಅಂದರು.

ಈಗ ನನ್ನ ಸೆಕ್ಷನ್‌ನ ಸೋಲಾರ್ ರಿಜಿಸ್ಟರಿನಲ್ಲಿ ಎರಡು ಹೊಸ ಕಾಲಂ ಇವೆ: ಯಾವ ಫೇಸ್, ಮತ್ತು ಮಧ್ಯಾಹ್ನ ಹನ್ನೆರಡರ ವೋಲ್ಟೇಜ್. ಎರಡೂ ತುಂಬದ ಅರ್ಜಿಗೆ ನಾನು ಸಹಿ ಹಾಕುವುದಿಲ್ಲ.