ಇಂಗ್ಲೆಂಡಿನಲ್ಲಿ ದಾಸೋಹ ಮಾಡುವ ಮುನ್ನ: ವಿಜಯಪುರ ಸೀಮೆಯ ಹೊಸಬರಿಗೆ

ಬಸವ ಜಯಂತಿಗೋ ಶ್ರಾವಣ ಸೋಮವಾರಕ್ಕೋ ಮನೆಯಲ್ಲಿ ಅಡುಗೆ ಮಾಡಿ ಬಂದವರಿಗೆಲ್ಲ ಬಡಿಸುವುದೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಬಂದ ನಮಗೆ ಯಾರನ್ನೂ ಕೇಳಬೇಕಿಲ್ಲದ ಕೆಲಸ. ಇಂಗ್ಲೆಂಡಿನಲ್ಲಿಯೂ ಅದನ್ನು ಧಾರಾಳವಾಗಿ ಮಾಡಬಹುದು. ಆದರೆ ‘ನಾವೇನು ದುಡ್ಡು ಇಸಿದುಕೊಳ್ಳುತ್ತೇವೆಯೇ, ನಮಗೇಕೆ ಕಾನೂನು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಇಲ್ಲಿಯ ಆಹಾರ ಕಾನೂನು ಲಾಭವನ್ನಲ್ಲ, ಕೆಲಸವು ನಿಯಮಿತವಾಗಿ, ವ್ಯವಸ್ಥಿತವಾಗಿ ನಡೆಯುತ್ತಿದೆಯೇ ಎಂಬುದನ್ನು ನೋಡುತ್ತದೆ. ವರ್ಷಕ್ಕೊಮ್ಮೆ ಹಬ್ಬಕ್ಕೆ ನಾಲ್ಕು ಮನೆಯವರು ಸೇರಿ ಸಣ್ಣ ಪ್ರಮಾಣದಲ್ಲಿ ಉಣಬಡಿಸಿದರೆ ನೋಂದಣಿ ಬೇಕಾಗುವುದಿಲ್ಲ. ಪ್ರತಿ ವಾರ ಊಟ ಹಂಚುವುದಾದರೆ, ಅದು ಉಚಿತವಾಗಿದ್ದರೂ, ಆರಂಭಿಸುವ 28 ದಿನ ಮೊದಲೇ ಸ್ಥಳೀಯ ಕೌನ್ಸಿಲ್‌ನಲ್ಲಿ ಆಹಾರ ವ್ಯವಹಾರವೆಂದು ನೋಂದಾಯಿಸಬೇಕು. ಅದಕ್ಕೆ ಶುಲ್ಕವಿಲ್ಲ, ನಿರಾಕರಿಸುವ ಪದ್ಧತಿಯೂ ಇಲ್ಲ. ನಿಮ್ಮ ಕಾರ್ಯಕ್ರಮ ಎರಡರಲ್ಲಿ ಯಾವುದೆಂಬ ಅನುಮಾನ ಬಂದರೆ ಆಹಾರದ ಸ್ವಚ್ಛತೆ ನೋಡಿಕೊಳ್ಳುವ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗವನ್ನೇ ಕೇಳಿರಿ. ಪಾರ್ಕಿನಲ್ಲಿ ಬಡಿಸುವುದಾದರೆ ಜಾಗದ ಅನುಮತಿ ಬೇರೆಯೇ ಪಡೆಯಬೇಕು.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಡುವುದು ಅನ್ನ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಬದುಕಿ ಉಳಿಯುತ್ತವೆ. ಬೇಯಿಸಿದ ಅನ್ನವನ್ನು ಹಾಗೆಯೇ ಹೊರಗಿಟ್ಟರೆ ಅವು ಬೆಳೆದು ವಿಷವನ್ನು ಉತ್ಪಾದಿಸುತ್ತವೆ ಮತ್ತು ಮತ್ತೆ ಎಷ್ಟೇ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಆದ್ದರಿಂದ ರಾತ್ರಿ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡುವ ರೂಢಿಯನ್ನು ಸಾರ್ವಜನಿಕ ಊಟಕ್ಕೆ ತರಬೇಡಿರಿ. ಬಿಸಿಯಾಗಿ ಬಡಿಸುವ ಪದಾರ್ಥ 63 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ಮೊಸರನ್ನದಂಥ ತಣ್ಣನೆಯದು 8 ಡಿಗ್ರಿಗಿಂತ ಕೆಳಗಿರಬೇಕು. ಬಡಿಸುವಾಗ ಬಿಸಿಯದಕ್ಕೆ ಒಮ್ಮೆ ಮಾತ್ರ 2 ಗಂಟೆಯವರೆಗೆ, ತಣ್ಣನೆಯದಕ್ಕೆ 4 ಗಂಟೆಯವರೆಗೆ ಈ ಮಿತಿಯಿಂದ ವಿನಾಯಿತಿ ಇದೆ. ಕೈಯಿಟ್ಟು ಶಾಖ ಅಂದಾಜಿಸುವ ಅಜ್ಜಿಯರ ಅನುಭವಕ್ಕೆ ಗೌರವವಿಟ್ಟುಕೊಂಡೇ ಒಂದು ಅಡುಗೆ ಥರ್ಮಾಮೀಟರ್ ಕೊಂಡುಕೊಳ್ಳಿರಿ.

ಇಷ್ಟೆಲ್ಲ ತಾಪತ್ರಯ ಬೇಡವೆನಿಸಿದರೆ ಜಾತ್ರೆಯ ಬುತ್ತಿಯನ್ನೇ ನೆನಪಿಸಿಕೊಳ್ಳಬಹುದು: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ, ಕರದಂಟು. ನೀರಿನಂಶ ಕಡಿಮೆಯಿರುವ ಇವು ಫ್ರಿಜ್ ಇಲ್ಲದೆಯೂ ತಾಳುತ್ತವೆ. ಆದರೆ ಕೆಡುವ ಭಯ ಇಲ್ಲದ ಈ ಬುತ್ತಿಯಲ್ಲಿಯೇ ಅಲರ್ಜಿಯ ಭಯ ಹೆಚ್ಚು. ಇಲ್ಲಿಯ ಕಾನೂನು ಪಟ್ಟಿ ಮಾಡಿರುವ 14 ಅಲರ್ಜಿಕಾರಕಗಳಲ್ಲಿ ಶೇಂಗಾ, ಎಳ್ಳು, ಸಾಸಿವೆ, ಹಾಲು, ಗೋಡಂಬಿ-ಬಾದಾಮಿಯಂಥ ಬೀಜಗಳು, ಗೋದಿ ಮುಂತಾದ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಇರುವ ಧಾನ್ಯಗಳು ಸೇರಿವೆ. ಇವಿಲ್ಲದ ಉತ್ತರ ಕರ್ನಾಟಕದ ಊಟವನ್ನು ಹುಡುಕುವುದೇ ಕಷ್ಟ. ಎಣ್ಣೆಗಾಯಿಯ ಮಸಾಲೆಯೊಂದರಲ್ಲೇ ಶೇಂಗಾ ಮತ್ತು ಎಳ್ಳು ಎರಡೂ ಇರುತ್ತವೆ, ಕುಂದಾ ಎಂದರೆ ಹಾಲೇ. ಜೋಳದಲ್ಲಿ ಗ್ಲುಟೆನ್ ಇಲ್ಲವಾದರೂ ಚಪಾತಿ ಲಟ್ಟಿಸಿದ ಮಣೆಯ ಮೇಲೆಯೇ ರೊಟ್ಟಿ ತಟ್ಟಿದರೆ ಅದನ್ನು ಗ್ಲುಟೆನ್ ಇಲ್ಲದ್ದೆಂದು ಹೇಳುವಂತಿಲ್ಲ. ಬಹಳ ಜನ ಮರೆಯುವುದು ಹಿಂಗನ್ನು: ಅಂಗಡಿಯ ಹಿಂಗಿನ ಪುಡಿಗೆ ಸಾಮಾನ್ಯವಾಗಿ ಗೋದಿ ಹಿಟ್ಟು ಬೆರೆಸಿರುತ್ತಾರೆ, ಡಬ್ಬಿಯ ಮೇಲೆ ಓದಿ ನೋಡಿರಿ.

ನೋಂದಣಿ ಬೇಕಿಲ್ಲದ ಅಪರೂಪದ ಕಾರ್ಯಕ್ರಮಕ್ಕೆ ಈ ಅಲರ್ಜಿಯ ಮಾಹಿತಿ ಕೊಡುವುದು ಕಡ್ಡಾಯವಲ್ಲ. ಆದರೂ ಕೊಡುವುದು ಒಳ್ಳೆಯದೆಂದು ಇಲ್ಲಿಯ ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆಯಾದ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ಹೇಳುತ್ತದೆ. ಪ್ರತಿ ಪಾತ್ರೆಯ ಮುಂದೆ ಇಂಗ್ಲಿಷಿನಲ್ಲಿ ಒಂದು ಚೀಟಿ ಇಡಿರಿ, ಪ್ರತಿಯೊಂದಕ್ಕೂ ಬೇರೆ ಸೌಟು ಹಾಕಿರಿ. ಯಾರಾದರೂ ‘ಇದರಲ್ಲಿ ಶೇಂಗಾ ಇದೆಯೇ’ ಎಂದು ಕೇಳಿದಾಗ ಖಚಿತವಿಲ್ಲದಿದ್ದರೆ ‘ಇಲ್ಲ, ತೆಗೆದುಕೊಳ್ಳಿ’ ಎಂದು ಪ್ರೀತಿಯಿಂದ ಒತ್ತಾಯ ಮಾಡದೆ, ಗೊತ್ತಿಲ್ಲವೆಂದೇ ಹೇಳಿರಿ. ವಾಂತಿಭೇದಿಯಾದವರು ಅದು ಪೂರ್ತಿ ನಿಂತು 48 ಗಂಟೆ ಕಳೆಯುವವರೆಗೆ ಅಡುಗೆಗೂ ಬಡಿಸುವುದಕ್ಕೂ ಬರಬಾರದು. ಅವರು ಎಷ್ಟೇ ಹಿರಿಯರಾಗಿದ್ದರೂ ಇದನ್ನು ಮೊದಲೇ ತಿಳಿಸಿರಿ.