ಜೋರು ನಡಿಗೆ, ನಿಧಾನ ಓಟ

ಸಕ್ಕರೆ ಗಡಿಯಲ್ಲಿದೆ, ವ್ಯಾಯಾಮ ಶುರು ಮಾಡಿ ಅಂತ ಡಾಕ್ಟರ್ ಹೇಳಿದಾಗ ನನಗೆ 48 ವರ್ಷ. ನಡೆಯುವುದೋ, ಓಡುವುದೋ? ನಮ್ಮ ಮನೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಹತ್ತಿರ. ಬೆಳಗ್ಗೆ ಏರಿಯ ಮೇಲೆ ನಡೆಯುವವರೂ ಇರುತ್ತಾರೆ, ಓಡುವವರೂ ಇರುತ್ತಾರೆ. ಎರಡನ್ನೂ ಮಾಡಿ ನೋಡಿಯೇ ತೀರ್ಮಾನ ಮಾಡೋಣ ಅಂದುಕೊಂಡೆ.

ಮೊದಲು ಸಮಯದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಂತೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು. ಶ್ರಮ ಜೋರಾಗಿದ್ದರೆ 75ರಿಂದ 150 ನಿಮಿಷ ಸಾಕು. ಅಂದರೆ ಓಡುವವರಿಗೆ ಅರ್ಧ ಸಮಯ ಉಳಿಯುತ್ತದೆ. ಬೆಳಗ್ಗೆ ಆಫೀಸಿಗೆ ಹೊರಡುವವರಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ಮಧ್ಯಮ ಶ್ರಮ ಅಂದರೆ ಸುಮ್ನೆ ಅಡ್ಡಾಡುವುದಲ್ಲ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾನು ಗೆಳೆಯರ ಜೊತೆ ಹೊರಟಾಗ ಆರಾಮಾಗಿ ಒಂದು ಇಡೀ ಹಾಡು ಹೇಳಬಹುದಿತ್ತು! ಹಾಗಾಗಿ ಮೊದಲ ಸುತ್ತು ಒಬ್ಬನೇ ನಡೆಯತೊಡಗಿದೆ. ಮೊಣಕೈ ಮಡಚಿ ಬೀಸುವುದು, ಹೆಜ್ಜೆ ಉದ್ದ ಮಾಡುವ ಬದಲು ಬೇಗ ಬೇಗ ಇಡುವುದು. ಇಷ್ಟಕ್ಕೇ ಹಣೆ ಬೆವರಿತು. ಹರಟೆಯ ಸುತ್ತು ಆಮೇಲೆ ಇದ್ದೇ ಇರುತ್ತದೆ.

ಓಟಕ್ಕೆ ಇದರ ಉಲ್ಟಾ ಮಾಡಿದೆ, ಆದಷ್ಟು ನಿಧಾನ. ಗಂಟೆಗೆ 7 ಕಿಲೋಮೀಟರ್ ಹತ್ತಿರ ಬಂದಾಗ ಹೆಚ್ಚಿನವರ ದೇಹ ತಾನಾಗಿಯೇ ನಡಿಗೆ ಬಿಟ್ಟು ಓಟಕ್ಕೆ ತಿರುಗುತ್ತದೆ. ಆ ವೇಗದಲ್ಲಿ ನಡೆಯುವುದಕ್ಕಿಂತ ಓಡುವುದೇ ಹಗುರ ಅನ್ನಿಸುತ್ತದೆ. ನಾನು ಅಲ್ಲಿಂದ ಒಂದು ಚೂರು ಮಾತ್ರ ಮುಂದೆ ಹೋಗುತ್ತೇನೆ. 2 ನಿಮಿಷ ಓಟ, 2 ನಿಮಿಷ ನಡಿಗೆ, ಮತ್ತೆ ಓಟ. ಅಮೆರಿಕದ ಒಲಿಂಪಿಕ್ ಓಟಗಾರ ಜೆಫ್ ಗ್ಯಾಲೋವೇ ಈ ಓಡು-ನಡೆ ಕ್ರಮವನ್ನು ಜನಪ್ರಿಯ ಮಾಡಿದವರು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಒಂದು ವಿಷಯ ಮಾತ್ರ ನಾನು ಗಂಭೀರವಾಗಿ ತಗೊಂಡೆ. ನಡೆಯುವಾಗ ಒಂದಲ್ಲ ಒಂದು ಪಾದ ಯಾವಾಗಲೂ ನೆಲದ ಮೇಲೆ ಇರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಎರಡೂ ಪಾದ ಒಂದು ಕ್ಷಣ ನೆಲ ಬಿಡುತ್ತವೆ. ಮತ್ತೆ ಇಳಿಯುವಾಗ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಉಸಿರು ಕೆಲವೇ ವಾರದಲ್ಲಿ ಪಳಗುತ್ತದೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ‘ಇನ್ನೂ ಓಡಬಲ್ಲೆ’ ಅಂತ ಉಸಿರು ಹೇಳಿದರೂ ನಾನು ಕೇಳುವುದು ಮಾರನೇ ದಿನದ ಕಾಲನ್ನು. ಮೆಟ್ಟಿಲು ಇಳಿಯುವಾಗ ಮೊಣಕಾಲು ನೊಂದರೆ ಆ ವಾರ ಓಟ ಇಲ್ಲ, ಬರೀ ನಡಿಗೆ. ಓಡಿದ ಮರುದಿನ ಎಂದೂ ಓಡುವುದಿಲ್ಲ.

“ಏನ್ ಸಾರ್, ಓಡೋದು ಬಿಟ್ಟುಬಿಟ್ರಾ?” ಅಂತ ನಡಿಗೆಯ ದಿನ ಯಾರಾದರೂ ಕೇಳುತ್ತಾರೆ. ನಡಿಗೆ ಅಂದರೆ ಕೈಲಾಗದವರ ಕೆಲಸ ಅನ್ನುವ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ನನಗೆ ಇದು ಬೇಸರ ತರುತ್ತದೆ. 70 ಕೆಜಿ ತೂಕದವರು 1 ಕಿಲೋಮೀಟರ್ ಓಡಿದರೆ ಸುಮಾರು 70 ಕ್ಯಾಲೊರಿ ಖರ್ಚು, ಅಷ್ಟೇ ದೂರ ನಡೆದರೆ ಸುಮಾರು 50. ದೂರ ಒಂದೇ ಆದರೆ ವ್ಯತ್ಯಾಸ ನಾವು ಅಂದುಕೊಂಡಷ್ಟು ಜಾಸ್ತಿ ಇಲ್ಲ, ಅಲ್ವಾ?

ಸಕ್ಕರೆಯ ವಿಷಯದಲ್ಲಂತೂ ನಡಿಗೆಗೆ ಒಂದು ಅನುಕೂಲ ಇದೆ, ಅದು ಓಟಕ್ಕಿಲ್ಲ. ಊಟದ ನಂತರ ಏರುವ ಸಕ್ಕರೆಯನ್ನು 15 ನಿಮಿಷದ ನಡಿಗೆಯೂ ತಗ್ಗಿಸುತ್ತದೆ, ಸ್ನಾಯುಗಳು ಅದನ್ನು ಬಳಸಿಕೊಳ್ಳುತ್ತವೆ. ಮುದ್ದೆ ಉಂಡು ಎದ್ದು ಯಾರು ಓಡುತ್ತಾರೆ? ರಾತ್ರಿ ಊಟ ಆದ ಕೂಡಲೇ ನಾನು, ನನ್ನ ಹೆಂಡತಿ ಬೀದಿಯ ಕೊನೆತನಕ ಹೋಗಿ ಬರುತ್ತೇವೆ. “ರೀ, ಮೊಬೈಲ್ ಮನೇಲೇ ಇಡಿ” ಅನ್ನುವುದು ಅವಳ ಒಂದೇ ಷರತ್ತು.

ಈಗ ವಾರದಲ್ಲಿ 2 ದಿನ ಓಡು-ನಡೆ, ಅದೂ ಕೆರೆ ಏರಿಯ ಮಣ್ಣಿನ ದಾರಿಯಲ್ಲಿ. 3 ದಿನ ಜೋರು ನಡಿಗೆ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಓಟದಷ್ಟೇ ಏದುಸಿರು ಬರುತ್ತದೆ, ಆದರೆ ಹತ್ತುವಾಗ ಕಾಲಿಗೆ ಆ ಹೊಡೆತ ಇಲ್ಲ. ಮೊಣಕಾಲಿಗೆ ನಿಜವಾದ ಕಷ್ಟ ಇಳಿಯುವಾಗ. ಅದಕ್ಕೇ ದೇವಿಗೆ ಕೈಮುಗಿದು ಸಿಟಿ ಬಸ್ಸಿನಲ್ಲಿ ಇಳಿದು ಬರುತ್ತೇನೆ.